ಗರಿ, ಬಿದಿರು, ನಿಬ್ಬು: ಕನ್ನಡದ ಅಕ್ಷರಕ್ಕೆ ಯಾವ ಲೇಖನಿ?

ಪ್ರಶ್ನೆ: ನಾನು ತೀರ್ಥಹಳ್ಳಿ ಸಮೀಪದ ಪ್ರೌಢಶಾಲೆಯೊಂದರಲ್ಲಿ ಕನ್ನಡ ಶಿಕ್ಷಕಿ. ಅಕ್ಷರಕಲೆ ಕಲಿಯುವ ಆಸೆಯಿಂದ, ಶಾಯಿಗೆ ಅದ್ದಿ ಬರೆಯುವ ಚೂಪು ನಿಬ್ಬಿನ ಪೆನ್ನುಗಳ ಸೆಟ್ ಒಂದನ್ನು ತರಿಸಿಕೊಂಡೆ. ಇಂಗ್ಲಿಷ್ ಅಕ್ಷರಗಳು ಹೇಗೋ ಬರುತ್ತವೆ; ಕನ್ನಡ ಬರೆಯಲು ಹೊರಟರೆ ನಿಬ್ಬು ಕಾಗದಕ್ಕೆ ಸಿಕ್ಕಿಕೊಂಡು ಶಾಯಿ ಸಿಡಿಯುತ್ತದೆ. ಗರಿಯ ಲೇಖನಿ ಮಾಡೋಣವೆಂದರೆ, ಮಂಡಗದ್ದೆಯ ಕಡೆ ಬಿದ್ದಿರುವ ಹಕ್ಕಿಗರಿಗಳನ್ನು ಆರಿಸಿ ತರಬಹುದೇ? ಮಳೆಗಾಲದಲ್ಲಿ ಶಾಯಿ ಹರಡುವುದಕ್ಕೆ ಏನು ಪರಿಹಾರ? ನನ್ನ ತರಗತಿಯಲ್ಲಿ ಎಡಗೈಯಲ್ಲಿ ಬರೆಯುವ ಹುಡುಗಿಯೊಬ್ಬಳಿದ್ದಾಳೆ, ಅವಳಿಗೆ ಯಾವ ಲೇಖನಿ ಕೊಡಲಿ?

ಉತ್ತರ: ನಿಮ್ಮ ಕೈಯನ್ನು ದೂಷಿಸಿಕೊಳ್ಳಬೇಡಿ. ನೀವು ತರಿಸಿಕೊಂಡ ಚೂಪು ನಿಬ್ಬು ಬೇರೊಂದು ಲಿಪಿಯ ನಡಿಗೆಗಾಗಿ ಹುಟ್ಟಿದ ಸಾಧನ. ಅದರ ತುದಿಯಲ್ಲಿ ಒಂದು ಸೀಳಿದ್ದು, ಅದರ ಎರಡು ಬದಿಗೂ ಸೂಜಿಯಷ್ಟು ಸಣ್ಣ ಕವಲುಗಳಿವೆ. ಕೆಳಮುಖವಾಗಿ ಎಳೆಯುತ್ತ ಒತ್ತಿದಾಗ ಕವಲುಗಳು ಅಗಲಿ ಗೆರೆ ದಪ್ಪವಾಗುತ್ತದೆ, ಒತ್ತಡ ಬಿಟ್ಟು ಮೇಲಕ್ಕೆ ಹೋದಾಗ ಕೂದಲೆಳೆಯಂತೆ ತೆಳ್ಳಗಾಗುತ್ತದೆ. ಬಲಕ್ಕೆ ವಾಲಿಸಿ ಬರೆಯುವ ಇಂಗ್ಲಿಷ್ ಕೂಡಕ್ಷರದಲ್ಲಿ ಕೈ ಹೆಚ್ಚಾಗಿ ಇಳಿಯುವುದು, ಏರುವುದು ಇವೆರಡನ್ನೇ ಮಾಡುವುದರಿಂದ ಈ ಏರ್ಪಾಡು ಅಲ್ಲಿ ಸೊಗಸಾಗಿ ನಡೆಯುತ್ತದೆ. ನಮ್ಮ ಅಕ್ಷರವಾದರೋ ಸುತ್ತುತ್ತದೆ. ಎಡಕ್ಕೆ ಹೊರಳಿ, ಕೆಳಗಿಳಿದು, ಬಲಕ್ಕೆ ತಿರುಗಿ, ಮತ್ತೆ ಮೇಲೇರಿ ಎಡಕ್ಕೆ ಬಾಗುವ ಆ ಸುತ್ತಿನಲ್ಲಿ ಲೇಖನಿ ಒಂದು ಹಂತದಲ್ಲಿ ತನ್ನ ಮೂತಿಯ ದಿಕ್ಕಿಗೇ ನೂಕಲ್ಪಡುತ್ತದೆ. ಆಗ ಒಂದು ಕವಲು ಕಾಗದದ ನಾರಿಗೆ ಸಿಕ್ಕಿ, ಬಿಡಿಸಿಕೊಳ್ಳುವಾಗ ಚಿಮ್ಮುತ್ತದೆ. ನೀವು ಕಾಣುತ್ತಿರುವ ಶಾಯಿಯ ಸಿಡಿತ ಅದೇ.

ಆದ್ದರಿಂದ ಲೇಖನಿಯ ಆಯ್ಕೆಗೆ ಮೊದಲು ಅಕ್ಷರದ ಸುತ್ತನ್ನು ಬಿಡಿಸಿ ನೋಡಬೇಕು. ‘ರ’ ಅಕ್ಷರವನ್ನೇ ತೆಗೆದುಕೊಳ್ಳಿ. ಬಳಪ ಹಿಡಿದ ಮಗು ಅದನ್ನು ಒಂದೇ ಬೀಸಿಗೆ ಸುತ್ತಿ ಮುಗಿಸುತ್ತದೆ, ಬಾಲ್‌ಪೆನ್ನು ಹಿಡಿದ ನಾವೂ ಹಾಗೆಯೇ ಮಾಡುತ್ತೇವೆ. ಅದ್ದಿ ಬರೆಯುವ ಲೇಖನಿಯಲ್ಲಿ ಅದನ್ನು ಮೂರು ಗೆರೆಗಳಾಗಿ ಒಡೆಯಿರಿ. ಮೇಲಿನಿಂದ ಆರಂಭಿಸಿ ಎಡಬದಿಯ ಅರ್ಧಚಂದ್ರವನ್ನು ಕೆಳಗಿನ ನಡುಭಾಗದವರೆಗೆ ಎಳೆದು ಲೇಖನಿ ಎತ್ತಿ. ಮತ್ತೆ ಮೇಲಕ್ಕೆ ಬಂದು ಬಲಬದಿಯ ಅರ್ಧಚಂದ್ರವನ್ನು ಇಳಿಸಿ, ಮೊದಲ ಗೆರೆಯ ಶಾಯಿ ಇನ್ನೂ ಹಸಿಯಾಗಿರುವಾಗಲೇ ಅದರೊಳಗೆ ಸೇರಿಸಿ. ಕೊನೆಗೆ ತಲೆಕಟ್ಟನ್ನು ಎಡದಿಂದ ಬಲಕ್ಕೆ ಎಳೆಯಿರಿ. ಮೂರು ಗೆರೆಯಲ್ಲಿ ಒಂದೂ ನೂಕಿದ್ದಲ್ಲ, ಎಲ್ಲವೂ ಎಳೆದವು. ಕೂಡುವ ಜಾಗ ಹಸಿಯಾಗಿದ್ದರೆ ಬೆಸುಗೆ ಕಣ್ಣಿಗೆ ಕಾಣುವುದೇ ಇಲ್ಲ. ‘ಠ’, ‘ಅ’, ‘ಗ’ ಹೀಗೆ ಒಂದೊಂದನ್ನೂ ನೀವೇ ಒಡೆದು ನೋಡಿದರೆ ವಾರದೊಳಗೆ ಕೈಗೆ ಅಭ್ಯಾಸವಾಗುತ್ತದೆ. ನನ್ನ ಅನುಭವದಲ್ಲಿ ಕನ್ನಡ ಅಕ್ಷರಕಲೆಯ ಅರ್ಧ ಕಷ್ಟ ಇಲ್ಲಿಗೆ ತೀರುತ್ತದೆ.

ಇನ್ನು ಲೇಖನಿಯ ವಿಷಯ. ನಮ್ಮ ಹಿರಿಯರು ಓಲೆಗರಿಗೆ ಕಂಠವೆಂಬ ಮೊನೆಯನ್ನು, ಕಡತಕ್ಕೆ, ಅಂದರೆ ಕಪ್ಪು ಬಳಿದು ಗಟ್ಟಿಮಾಡಿದ ಬಟ್ಟೆಯ ಹೊತ್ತಗೆಗೆ, ಬಳಪವನ್ನು, ಕಾಗದಕ್ಕೆ ಲೆಕ್ಕಣಿಕೆಯೆಂಬ ಅದ್ದಿ ಬರೆಯುವ ಲೇಖನಿಯನ್ನು ಬಳಸಿದರು. ಸಾಗರ ತಾಲ್ಲೂಕಿನ ಕೆಳದಿಯ ವಸ್ತುಸಂಗ್ರಹಾಲಯಕ್ಕೆ ಹೋದರೆ ಮಲೆನಾಡು, ಕರಾವಳಿಗಳಲ್ಲಿ ಹಿಂದೆ ಬಳಕೆಯಲ್ಲಿದ್ದ ತಿಗಳಾರಿ ಲಿಪಿಯ ಓಲೆಗಳನ್ನು ನೋಡಬಹುದು. ಕಬ್ಬಿಣದ ಕಂಠದಿಂದ ಓಲೆಯನ್ನು ಗೀರಿ, ಆ ಗೀರಿಗೆ ಮಸಿ ತುಂಬಿ ಒರೆಸುವ ಪದ್ಧತಿಯಾದ್ದರಿಂದ ಅಲ್ಲಿ ಗೆರೆ ಆದಿಯಿಂದ ಅಂತ್ಯದವರೆಗೆ ಒಂದೇ ದಪ್ಪ. ದಪ್ಪ-ತೆಳುವಿನ ಆಟ ಓಲೆಯ ಸ್ವಭಾವದಲ್ಲಿ ಇಲ್ಲ. ಬಳ್ಳಿಗಾವಿಯ ಶಾಸನಗಳ ಮುಂದೆ ನಿಂತಾಗ ಬೇರೆಯದೇ ಪಾಠ ಸಿಗುತ್ತದೆ: ಅಲ್ಲಿನ ಗುಂಡಕ್ಷರಗಳಲ್ಲಿ ಪ್ರತಿ ಸುತ್ತಿನ ಒಳಗೂ ಎಷ್ಟು ಬಯಲು ಬಿಟ್ಟಿದ್ದಾರೆಂಬುದನ್ನು ಗಮನಿಸಬೇಕು. ಶಿಕಾರಿಪುರದ ಕಡೆ ಹೋಗುವ ಅವಕಾಶವಾದರೆ ಮಕ್ಕಳನ್ನೂ ಕರೆದೊಯ್ದು ಒಂದು ಸಾಲನ್ನು ಪೆನ್ಸಿಲಿನಲ್ಲಿ ನೋಡಿ ಬರೆಸಿರಿ. ಎಷ್ಟು ದಪ್ಪದ ಲೇಖನಿಯಿಂದ ಎಷ್ಟು ದೊಡ್ಡ ಅಕ್ಷರ ಬರೆಯಬೇಕೆಂಬ ಪ್ರಶ್ನೆಗೆ ಆ ಒಳಬಯಲೇ ಉತ್ತರ ಹೇಳುತ್ತದೆ. ನಾನು ಅಕ್ಷರದ ಒಡಲಿಗೆ ಲೇಖನಿಯ ಬಾಯಗಲದ, ಅಂದರೆ ಬರೆಯುವ ಅಂಚಿನ ಅಗಲದ, ಐದು ಪಟ್ಟು ಎತ್ತರ ಇಟ್ಟುಕೊಳ್ಳುತ್ತೇನೆ. ನಾಲ್ಕಕ್ಕೆ ಇಳಿದರೆ ‘ಣ’, ‘ಋ’ಗಳ ಒಳಗೆ ಶಾಯಿ ಕಟ್ಟಿಕೊಳ್ಳುತ್ತದೆ. ಸಾಲಿನಿಂದ ಸಾಲಿಗೆ ಒಡಲಿನ ಮೂರು ಪಟ್ಟು ಅಂತರವಿರಲಿ, ಇಲ್ಲವಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.

ನಿಮ್ಮ ಮೊದಲ ಲೇಖನಿ ಬಿದಿರಿನದಾಗಿರಲಿ ಎಂಬುದು ನನ್ನ ಖಚಿತ ಸಲಹೆ, ಮತ್ತು ಅದನ್ನು ಕೊಳ್ಳಬೇಡಿ, ನೀವೇ ಕೆತ್ತಿಕೊಳ್ಳಿ. ಬಿದಿರಿಗೆ ಸೂಜಿಮೊನೆಯಿಲ್ಲ, ಅದು ಕಾಗದವನ್ನು ಗೀರುವುದಿಲ್ಲ, ಮೇಲ್ಮುಖವಾಗಿ ಸ್ವಲ್ಪ ನೂಕಿದರೂ ಸಹಿಸಿಕೊಳ್ಳುತ್ತದೆ, ಬಾಯಿ ಸವೆದರೆ ಎರಡು ನಿಮಿಷದಲ್ಲಿ ಹೊಸದಾಗಿ ಕತ್ತರಿಸಬಹುದು. ಮಲೆನಾಡಿನಲ್ಲಿ ಇದಕ್ಕೆ ಖರ್ಚೂ ಇಲ್ಲ. ಕಾಡಿನ ಬಿದಿರಿಗೆ ಕೈ ಹಾಕುವ ಅಗತ್ಯವಿಲ್ಲ, ಬುಟ್ಟಿ ಹೆಣೆಯುವ ಮೇದಾರರ ಅಂಗಳದಲ್ಲಿ ಬೇಕಾದಷ್ಟು ತುಂಡುಗಳು ಉಳಿದಿರುತ್ತವೆ. ಚೆನ್ನಾಗಿ ಬಲಿತು ಒಣಗಿದ, ಕಿರುಬೆರಳಿನ ದಪ್ಪದ, ಒಂದು ಗೇಣು ಉದ್ದದ ತುಂಡು ಸಾಕು. ತೆಳುಗೋಡೆಯ ವಾಟೆ ಬಿದಿರು ಸಿಕ್ಕಿದರೆ ಕೆತ್ತುವುದು ಸುಲಭ, ಆದರೆ ಬಾಯಿ ಬೇಗ ಸವೆಯುತ್ತದೆ. ಹಸಿ ಬಿದಿರಾದರೆ ಎರಡು ಮೂರು ವಾರ ಹರಿಯುವ ನೀರಿನಲ್ಲಿ ನೆನೆಹಾಕಿ ನೆರಳಲ್ಲಿ ಒಣಗಿಸಿ. ಅದರೊಳಗಿನ ಪಿಷ್ಟ ನೀರಿಗೆ ಬಿಟ್ಟುಹೋಗುವುದರಿಂದ ಕೊರೆಯುವ ಹುಳ ಬೀಳುವುದು ಕಡಿಮೆಯಾಗುತ್ತದೆ.

ಕೆತ್ತುವ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಗರಿಗೂ ಹೆಚ್ಚುಕಡಿಮೆ ಇದೇ ಕ್ರಮ ಅನ್ವಯಿಸುತ್ತದೆ. ತುದಿಯಿಂದ ಮೂರು ಸೆಂಟಿಮೀಟರ್ ಹಿಂದಿನಿಂದ ಓರೆಯಾಗಿ ಒಂದು ಉದ್ದನೆಯ ಕೊಯ್ತ ಹಾಕಿ, ನಾಲಿಗೆಯಂತಹ ಭಾಗವೊಂದು ಉಳಿಯುವಂತೆ ಮಾಡಿ. ನಾಲಿಗೆಯ ಒಳಮೈಯ ಮೆದುವಾದ ಭಾಗವನ್ನೆಲ್ಲ ಹೆರೆದು, ಹೊರಗಿನ ಹೊಳಪಿನ ಚರ್ಮವನ್ನು ಉಳಿಸಿ; ಬಿದಿರಿನ ಬಲವೆಲ್ಲ ಇರುವುದು ಆ ಚರ್ಮದಲ್ಲಿ, ಬರೆಯುವ ಅಂಚು ಅದರಿಂದಲೇ ಆಗಬೇಕು. ಎರಡು ಬದಿಯನ್ನೂ ಸಮನಾಗಿ ತಗ್ಗಿಸಿ ನಾಲಿಗೆಯನ್ನು ಮೂರು ಮಿಲಿಮೀಟರ್ ಅಗಲಕ್ಕೆ ತನ್ನಿ. ನಡುವೆ ಒಂದೂವರೆ ಸೆಂಟಿಮೀಟರ್ ಉದ್ದದ ಸೀಳು ಮಾಡುವ ಮುನ್ನ, ಸೀಳು ನಿಲ್ಲಬೇಕಾದ ಜಾಗದಲ್ಲಿ ಕಾದ ದಬ್ಬಣದಿಂದ ಒಂದು ತೂತು ಮಾಡಿ. ತೂತಿಲ್ಲದಿದ್ದರೆ ಸೀಳು ಹಿಡಿಕೆಯವರೆಗೂ ಓಡುತ್ತದೆ. ಕೊನೆಯದಾಗಿ ತುದಿಯನ್ನು ಗಟ್ಟಿ ಹಲಗೆಯ ಮೇಲಿಟ್ಟು, ಚೂಪಾದ ಕಟರ್ ಬ್ಲೇಡನ್ನು ನೇರವಾಗಿ ನಿಲ್ಲಿಸಿ ಒಂದೇ ಒತ್ತಿಗೆ ಅಡ್ಡ ಕತ್ತರಿಸಿ. ಗರಗಸದಂತೆ ಆಡಿಸಿದರೆ ಅಂಚು ಹರಕಾಗಿ, ಬರೆದ ಗೆರೆಯ ಎರಡು ಬದಿಯೂ ಹರಕಾಗಿಯೇ ಕಾಣುತ್ತದೆ. ಬಿದಿರು ಒಮ್ಮೆಗೆ ಹೆಚ್ಚು ಶಾಯಿ ಹಿಡಿಯದು. ತಂಪುಪಾನೀಯದ ಡಬ್ಬಿಯ ತಗಡಿನಿಂದ ಸಣ್ಣ ಪಟ್ಟಿ ಕತ್ತರಿಸಿ, ಬಾಗಿಸಿ, ನಾಲಿಗೆಯ ಒಳಗಡೆ ಸಿಕ್ಕಿಸಿದರೆ ಅದರ ಹಿಂದೆ ಶಾಯಿ ನಿಂತು ಒಂದು ಅದ್ದಿಗೆ ನಾಲ್ಕೈದು ಅಕ್ಷರ ಬರೆಯಬಹುದು.

ಎರಡು ತಿಂಗಳು ಬಿದಿರಿನಲ್ಲಿ ಬರೆದ ಮೇಲೆ ಲೋಹದ ನಿಬ್ಬಿಗೆ ಬನ್ನಿ. 19ನೇ ಶತಮಾನದ ಮೊದಲರ್ಧದಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಕಾರ್ಖಾನೆಗಳು ಉಕ್ಕಿನ ನಿಬ್ಬನ್ನು ಯಂತ್ರದಲ್ಲಿ ಒತ್ತಿ ತಯಾರಿಸತೊಡಗಿದ ಮೇಲೆ ಗರಿಯ ಲೇಖನಿ ಹಿಂದೆ ಸರಿಯಿತು. ಅಲ್ಲಿಯ ಹಳೆಯ ಹೆಸರುಗಳಾದ ಮಿಚೆಲ್, ಗಿಲಟ್ ಇಂದಿಗೂ ನಿಬ್ಬುಗಳ ಮೇಲೆ ಉಳಿದಿವೆ. ನಿಮಗೆ ಬೇಕಾದದ್ದು ಬಾಯಿ ಚಪ್ಪಟೆಯಾಗಿರುವ ನಿಬ್ಬು: ಮಿಚೆಲ್ ರೌಂಡ್ ಹ್ಯಾಂಡ್, ಬ್ರೌಸ್ ಬ್ಯಾಂಡ್‌ಝುಗ್, ಸ್ಪೀಡ್‌ಬಾಲ್ ಸಿ ಸರಣಿ. ಮಿಚೆಲ್ ಮತ್ತು ಸ್ಪೀಡ್‌ಬಾಲ್‌ಗಳಲ್ಲಿ ಅಂಕಿ ಚಿಕ್ಕದಾದಷ್ಟೂ ಬಾಯಿ ಅಗಲ ಎಂಬುದನ್ನು ಕೊಳ್ಳುವಾಗ ಮರೆಯಬೇಡಿ. ಓಲೆಯ ಅಕ್ಷರದಂತೆ ಸಮಗೆರೆ ಬೇಕೆನಿಸಿದರೆ ಸ್ಪೀಡ್‌ಬಾಲ್ ಬಿ ಸರಣಿಯಿದೆ. ಅದರ ತುದಿ ದುಂಡಗಿನ ಪುಟ್ಟ ಬಿಲ್ಲೆಯಂತಿದ್ದು ಎತ್ತ ಸುತ್ತಿದರೂ ಒಂದೇ ದಪ್ಪ ಬರುತ್ತದೆ. ಈ ನಿಬ್ಬು ಕನ್ನಡಕ್ಕೆ ಬಹಳ ಹೊಂದುತ್ತದೆ, ಆದರೂ ನಮ್ಮಲ್ಲಿ ಇದನ್ನು ಕೇಳಿ ಕೊಳ್ಳುವವರು ಕಡಿಮೆ. ಹಿಡಿಕೆಗೆ ಹಣ ಸುರಿಯುವುದು ಬೇಡ. ನಿಬ್ಬು ಅಲುಗಾಡದಂತೆ ಕೂರುವ ಸಾದಾ ನೇರ ಹಿಡಿಕೆ ಸಾಕು. ಪಕ್ಕಕ್ಕೆ ಕೊಕ್ಕೆಯಿರುವ ಓರೆ ಹಿಡಿಕೆ ವಾಲಿದ ಇಂಗ್ಲಿಷ್ ಅಕ್ಷರಕ್ಕಾಗಿ ಇರುವುದು, ನಿಮಗೆ ಅದರ ಕೆಲಸವಿಲ್ಲ.

ಹೊಸ ನಿಬ್ಬಿಗೆ ತುಕ್ಕು ಹಿಡಿಯದಿರಲೆಂದು ಎಣ್ಣೆ ಅಥವಾ ಮೆರುಗೆಣ್ಣೆಯ ಪದರ ಬಳಿದಿರುತ್ತಾರೆ. ಅದನ್ನು ತೆಗೆಯದೆ ಅದ್ದಿದರೆ, ಕೆಸುವಿನ ಎಲೆಯ ಮೇಲಿನ ನೀರಿನಂತೆ ಶಾಯಿ ಹನಿಗಟ್ಟಿ ಉರುಳಿಹೋಗುತ್ತದೆ. ಅಂಟುವಾಳ ನೆನೆಸಿದ ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೊಳೆಯಿರಿ, ಸಾಮಾನ್ಯ ಸೋಪೂ ಆದೀತು. ಕೆಲವರು ಬೆಂಕಿಯ ಮೇಲೆ ಹಿಡಿಯುತ್ತಾರೆ. ಉಕ್ಕಿನ ಹದ ಕೆಡುವ ಸಾಧ್ಯತೆಯಿರುವುದರಿಂದ ನಾನು ಅದನ್ನು ಒಪ್ಪುವುದಿಲ್ಲ. ಅದ್ದುವಾಗ ನಿಬ್ಬಿನ ನಡುವಿನ ತೂತು ಮುಳುಗುವಷ್ಟು ಅದ್ದಿದರೆ ಸಾಕು, ನಂತರ ದೌತಿಯ ಅಂಚಿಗೆ ಮೆಲ್ಲನೆ ತಾಗಿಸಿ ಹೆಚ್ಚಿನ ಶಾಯಿ ಇಳಿಸಿ, ಪಕ್ಕದ ಚೂರು ಕಾಗದದ ಮೇಲೆ ಒಂದು ಗೆರೆ ಎಳೆದು ಆಮೇಲೆ ಬರೆಯಿರಿ. ಬಾಯಿಯ ಎರಡು ಮೂಲೆಗಳೂ ಏಕಕಾಲಕ್ಕೆ ಕಾಗದಕ್ಕೆ ತಾಗಬೇಕು. ಬಾಯಿಯನ್ನು ಸಾಲಿಗೆ ಮೂವತ್ತು ಡಿಗ್ರಿಯಷ್ಟು ಓರೆಯಾಗಿ ಹಿಡಿದು ಆರಂಭಿಸಿ, ಪುಟದ ಕೊನೆಯವರೆಗೂ ಆ ಓರೆ ಬದಲಾಗದಂತೆ ನೋಡಿಕೊಳ್ಳಿ. ಅಡಿಕೆ ಮಂಡಿಗಳ ಗುಮಾಸ್ತರು ಚಕ್ಕಳಮಕ್ಕಳ ಕುಳಿತು ಲೆಕ್ಕ ಬರೆಯುತ್ತಿದ್ದ ಇಳಿಜಾರು ಮುಚ್ಚಳದ ಪೆಟ್ಟಿಗೆ ನಿಮ್ಮ ಮನೆಯ ಅಟ್ಟದಲ್ಲೂ ಇರಬಹುದು. ಇದ್ದರೆ ಇಳಿಸಿಕೊಳ್ಳಿ. ಇಳಿಜಾರಿನ ಮೇಲೆ ಬರೆದಾಗ ಲೇಖನಿ ಮಟ್ಟಸವಾಗಿ ಮಲಗುವುದರಿಂದ ಶಾಯಿ ಒಮ್ಮೆಲೇ ಸುರಿಯದೆ ಹದವಾಗಿ ಇಳಿಯುತ್ತದೆ.

ಮಂಡಗದ್ದೆಯ ಗರಿಗಳನ್ನು ದಯವಿಟ್ಟು ತರಬೇಡಿ. ತುಂಗೆಯ ನಡುವಿನ ಆ ಮರಗಳಲ್ಲಿ ಗೂಡು ಕಟ್ಟುವ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ವನ್ಯಪಕ್ಷಿಗಳು, ಆ ಜಾಗವೇ ಪಕ್ಷಿಧಾಮ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಕೊಂಬು, ಉಗುರು, ಚರ್ಮಗಳ ಸಾಲಿನಲ್ಲಿ ಗರಿಯನ್ನೂ ಹೆಸರಿಸುತ್ತದೆ. ಶಿಕ್ಷಕಿಯಾದ ನೀವು ಆರಿಸಿ ತಂದರೆ ಮಕ್ಕಳೂ ಆರಿಸುತ್ತಾರೆ. ಕಾಯ್ದೆಯ ಮಾತು ಹಾಗಿರಲಿ, ಬೆಳ್ಳಕ್ಕಿಯ ಗರಿಯ ಬುಡ ಬರೆಯಲು ಸಾಲದಷ್ಟು ಸಣ್ಣದು. ಯುರೋಪಿನಲ್ಲಿ ಶತಮಾನಗಳ ಕಾಲ ಬಳಸಿದ್ದು ಹೆಬ್ಬಾತಿನ ರೆಕ್ಕೆಯ ಹೊರಗಿನ ಐದು ದೊಡ್ಡ ಗರಿಗಳನ್ನು. ಟರ್ಕಿ ಕೋಳಿಯ ಗರಿ ಇನ್ನೂ ಗಟ್ಟಿ. ಇವೆರಡನ್ನೂ ಸಾಕುವವರು ಶಿವಮೊಗ್ಗದ ಸುತ್ತಮುತ್ತ ಇದ್ದಾರೆ, ತಾನಾಗಿ ಉದುರಿದ ಗರಿಗಳನ್ನು ಕೇಳಿ ತಂದುಕೊಳ್ಳಬಹುದು. ಬಲಗೈಯವರಿಗೆ ಎಡರೆಕ್ಕೆಯ ಗರಿ ಒಳ್ಳೆಯದು, ಏಕೆಂದರೆ ಅದರ ಬಾಗು ಕಣ್ಣಿನಿಂದ ಆಚೆಗೆ ಹೋಗುತ್ತದೆ.

ಹಸಿ ಗರಿಯ ಬುಡ ಉಗುರಿನಂತೆ ಮೆದು, ಹದಗೊಳಿಸದೆ ಕತ್ತರಿಸಿದರೆ ಒಂದೇ ಸಾಲಿಗೆ ಬಾಯಿ ಕುಸಿಯುತ್ತದೆ. ತುದಿ ಕತ್ತರಿಸಿ ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಬುಡದ ಮೇಲಿನ ಪೊರೆಯನ್ನು ಚಾಕುವಿನ ಬೆನ್ನಿನಿಂದ ಹೆರೆದು, ಒಳಗಿನ ಒಣಪೊರೆಯನ್ನು ಕಡ್ಡಿಯಿಂದ ಎಳೆದು ತೆಗೆಯಿರಿ. ಸೋಸಿದ ಒಣಮರಳನ್ನು ಕಬ್ಬಿಣದ ಬಾಣಲೆಯಲ್ಲಿ ಕಾಯಿಸಿ, ಬುಡದ ಟೊಳ್ಳಿಗೂ ಸ್ವಲ್ಪ ತುಂಬಿ, ಬುಡವನ್ನು ಮರಳಿನಲ್ಲಿ ಕೆಲವು ಕ್ಷಣ ಹೂತಿಡಿ. ಮರಳು ಸುಮಾರು 170 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಕು. ಮಂಡಕ್ಕಿ ಭಟ್ಟಿಯ ಮರಳಿನಷ್ಟು ಕಾಯಿಸಬಾರದು, ಚೂರು ಕಾಗದ ಹಾಕಿದಾಗ ಅದು ಕಂದುಬಣ್ಣಕ್ಕೆ ತಿರುಗಿದರೆ ಮರಳು ಅತಿಯಾಗಿ ಕಾದಿದೆ ಎಂದರ್ಥ. ಹಾಲಿನಂತೆ ಬೆಳ್ಳಗಿದ್ದ ಬುಡ ನೋಡನೋಡುತ್ತಿದ್ದಂತೆ ಗಾಜಿನಂತೆ ತಿಳಿಯಾಗುವ ಆ ಕ್ಷಣವನ್ನು ಹಿಡಿಯಬೇಕು. ನಾನು ಮೊದಲ ಬಾರಿ ಮಾಡಿದಾಗ ಇನ್ನೂ ಐದು ಕ್ಷಣ ಇರಲಿ ಎಂದು ಬಿಟ್ಟೆ. ಆರು ಗರಿಗಳಲ್ಲಿ ನಾಲ್ಕು ಗುಳ್ಳೆಯೆದ್ದು, ಚಾಕು ತಾಗಿಸಿದ ಕೂಡಲೇ ಪುಡಿಪುಡಿಯಾದವು. ಬೆಂಕಿಯ ಸಹವಾಸ ಬೇಡವೆಂದರೆ ಗರಿಗಳನ್ನು ಒಂದು ವರ್ಷ ಒಣಜಾಗದಲ್ಲಿ ಇಟ್ಟುಬಿಡಿ, ತಾವಾಗಿಯೇ ಗಟ್ಟಿಯಾಗುತ್ತವೆ. ಚಿತ್ರಗಳಲ್ಲಿ ಕಾಣುವ ಕುಚ್ಚು ಕುಚ್ಚಾದ ಪುಕ್ಕವನ್ನು ಉಳಿಸಿಕೊಳ್ಳುವುದು ಬೇಡ, ಅದು ಬೆರಳಿಗೆ ತಡೆಯಾಗುತ್ತದೆ. ಹಿಂದಿನ ಲಿಪಿಕಾರರು ಅದನ್ನು ಬಹುಮಟ್ಟಿಗೆ ಕಿತ್ತೇ ಬಳಸುತ್ತಿದ್ದರು. ಇಷ್ಟು ಶ್ರಮಕ್ಕೆ ಫಲವುಂಟೇ ಎಂದು ಕೇಳಿದರೆ, ಖಂಡಿತ ಉಂಟು: ಚೆನ್ನಾಗಿ ಹದಗೊಂಡ ಗರಿಯಷ್ಟು ಮೃದುವಾಗಿ ‘ಅ’ಕಾರದ ಸುತ್ತನ್ನು ಸುತ್ತುವ ಉಕ್ಕಿನ ನಿಬ್ಬನ್ನು ನಾನು ಇದುವರೆಗೆ ಹಿಡಿದಿಲ್ಲ. ಆದರೆ ಚಾಕುವಿನ ಕೈ ಪಳಗಿದ ಮೇಲೆ ಮಾತ್ರ ಗರಿಗೆ ಬನ್ನಿ.

ಶಾಯಿಯಲ್ಲಿ ಅರ್ಧ ಸಮಸ್ಯೆ ಬರುವುದು ಫೌಂಟನ್ ಪೆನ್ನಿನ ಶಾಯಿ ಬಳಸುವುದರಿಂದ. ಅದು ಅದ್ದಿ ಬರೆಯಲು ತೀರ ತೆಳು. ಜಾಲಿಯ ಗೋಂದನ್ನು ನೀರಿನಲ್ಲಿ ಕರಗಿಸಿ ಕೆಲವು ಹನಿ ಸೇರಿಸಿ, ಶಾಯಿ ಹಾಲಿನ ಹದಕ್ಕೆ ಬಂದರೆ ಗೆರೆ ನಿಲ್ಲುತ್ತದೆ. ದೀಪದ ಕಾಡಿಗೆಯನ್ನು ಗೋಂದಿನ ನೀರಿನಲ್ಲಿ ಗಂಟೆಗಟ್ಟಲೆ ಅರೆದು ಮಾಡುವ ಮಸಿ ಬಿದಿರಿಗೆ ಅತ್ಯುತ್ತಮ. ನಮ್ಮ ಸೀಮೆಯದೇ ಆದ ಇನ್ನೊಂದು ಬಣ್ಣ ಅಡಿಕೆ ಚೊಗರು, ಅಂದರೆ ಅಡಿಕೆ ಬೇಯಿಸಿದ ಮೇಲೆ ಉಳಿಯುವ ಕೆಂಪು ನೀರು. ಹೆಗ್ಗೋಡಿನ ಚರಕ ಸಂಸ್ಥೆ ಅದರಿಂದ ಬಟ್ಟೆಗೆ ಬಣ್ಣ ಕಟ್ಟುವುದು ನಿಮಗೆ ತಿಳಿದೇ ಇರುತ್ತದೆ. ಸೋಸಿ, ಸ್ವಲ್ಪ ಬತ್ತಿಸಿ, ಗೋಂದು ಸೇರಿಸಿದ ಚೊಗರಿನಲ್ಲಿ ಬರೆದರೆ ಕೆಂಗಂದು ಬಣ್ಣದ ಸೊಗಸಾದ ಅಕ್ಷರ ಬರುತ್ತದೆ, ಅದಕ್ಕೆ ಚಿಟಿಕೆ ಅನ್ನಭೇದಿ (ಕಬ್ಬಿಣದ ಸಲ್ಫೇಟ್) ಬಿದ್ದರೆ ಹಸಿರುಛಾಯೆಯ ಕಪ್ಪಿಗೆ ತಿರುಗುತ್ತದೆ. ಅಳಲೆಕಾಯಿ ಸಿಪ್ಪೆಯ ಕಷಾಯಕ್ಕೆ ಅನ್ನಭೇದಿ ಬೆರೆಸಿ ಮಾಡುವ ಶಾಯಿಯೂ ಇದೇ ಬಗೆಯದು, ಬರೆಯುವಾಗ ಮಾಸಲಾಗಿದ್ದು ಗಾಳಿಗೆ ಕಪ್ಪೇರುತ್ತದೆ. ಮೂರು ಪಾಲು ಸಿಪ್ಪೆಗೆ ಒಂದು ಪಾಲು ಅನ್ನಭೇದಿಯನ್ನು ಮೀರಬೇಡಿ, ಹೆಚ್ಚಾದರೆ ವರ್ಷಗಳು ಕಳೆದಂತೆ ಅಕ್ಷರವೇ ಕಾಗದವನ್ನು ತಿಂದುಬಿಡುತ್ತದೆ. ಈ ಶಾಯಿ ಉಕ್ಕನ್ನೂ ತಿನ್ನುವುದರಿಂದ ಗರಿಗೂ ಬಿದಿರಿಗೂ ಮೀಸಲಿಡಿ. ಅನ್ನಭೇದಿ ಮಕ್ಕಳ ಕೈಗೆ ಸಿಗದಂತಿರಲಿ.

ಮಳೆಗಾಲದಲ್ಲಿ ಶಾಯಿ ಹರಡಲು ಕಾರಣ ಕಾಗದ ಹೀರಿಕೊಂಡ ತೇವ. ಆಗುಂಬೆಯ ಮಗ್ಗುಲಲ್ಲಿರುವ ನಿಮಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಗದವೆಂದರೆ ಅರ್ಧ ಬಟ್ಟೆಯೇ. ಜೆರಾಕ್ಸ್ ಕಾಗದವನ್ನು ಆ ತಿಂಗಳುಗಳಲ್ಲಿ ಮರೆತುಬಿಡಿ. ಹಳೆಯ ಲೆಕ್ಕದ ಪುಸ್ತಕಗಳ ಲೆಡ್ಜರ್ ಕಾಗದದ ಖಾಲಿ ಹಾಳೆಗಳು ಸಿಕ್ಕಿದರೆ ಕಾಪಾಡಿಕೊಳ್ಳಿ. ಶಾಯಿಯಲ್ಲಿ ಬರೆಯುವುದಕ್ಕೆಂದೇ ಗಟ್ಟಿಯಾಗಿ ಅಂಟು ಕೊಟ್ಟು ಮಾಡಿದ ಕಾಗದ ಅದು. ಬರೆಯುವ ಮುನ್ನ ಹಾಳೆಯನ್ನು ಬೆಚ್ಚಗಿನ ಇಸ್ತ್ರಿಪೆಟ್ಟಿಗೆಯಿಂದ ಒಮ್ಮೆ ಸವರಿ, ನುಣ್ಣನೆಯ ಸೀಮೆಸುಣ್ಣದ ಪುಡಿಯನ್ನು ಬಟ್ಟೆಯಲ್ಲಿ ತೆಳುವಾಗಿ ಉಜ್ಜಿ ಕೊಡವಿದರೆ ಗೆರೆಯ ಅಂಚು ಚೂಪಾಗುತ್ತದೆ. ಅಂಗೈಯ ಬೆವರೂ ಎಣ್ಣೆಯೂ ತಾಗದಂತೆ ಕೈಯಡಿಗೆ ಬೇರೊಂದು ಕಾಗದವಿರಲಿ. ಗಂಜಿ ಬಳಿದು ಕಾಗದ ಗಟ್ಟಿಮಾಡುವ ಸಲಹೆಯನ್ನು ಕೆಲವರು ಕೊಡುತ್ತಾರೆ, ಮಲೆನಾಡಿನ ಮಳೆಗಾಲದಲ್ಲಿ ಅದು ಬೂಷ್ಟಿಗೂ ಪುಸ್ತಕದ ಹುಳಕ್ಕೂ ಊಟವಿಟ್ಟಂತಾಗುತ್ತದೆ. ನಿಬ್ಬುಗಳನ್ನು ಬರೆದು ಮುಗಿಸಿದ ಕೂಡಲೇ ತೊಳೆದು, ಒರೆಸಿ, ಬೆಚ್ಚಗಿನ ಜಾಗದಲ್ಲಿ ಬಿಗಿ ಮುಚ್ಚಳದ ಡಬ್ಬಿಯೊಳಗೆ ಹುರಿದ ಅಕ್ಕಿಯ ಪುಟ್ಟ ಗಂಟಿನೊಂದಿಗೆ ಇಟ್ಟರೆ ತುಕ್ಕು ಹತ್ತುವುದಿಲ್ಲ. ಅಕ್ಕಿಯನ್ನು ವಾರಕ್ಕೊಮ್ಮೆ ಬದಲಿಸಿ.

ಎಡಗೈಯ ಹುಡುಗಿಗೆ ಬಲಗೈಯಲ್ಲಿ ಬರೆಯಲು ಹೇಳಬೇಡಿ. ಅವಳಿಗೆ ಮೊದಲು ಬಿದಿರನ್ನೇ ಕೊಡಿ, ಏಕೆಂದರೆ ಅದರ ಬಾಯನ್ನು ಅವಳ ಕೈಗೆ ತಕ್ಕಂತೆ ಓರೆಯಾಗಿ ಕತ್ತರಿಸಬಹುದು. ಬಾಯಿಯ ಎರಡು ಮೂಲೆಗಳೂ ಕಾಗದಕ್ಕೆ ತಾಗಿ, ‘ರ’ದ ಎಡಸುತ್ತು ನಿಮ್ಮ ಎಡಸುತ್ತಿನಷ್ಟೇ ದಪ್ಪ ಬರುವವರೆಗೆ ಸ್ವಲ್ಪ ಸ್ವಲ್ಪವೇ ಓರೆಯನ್ನು ಹೆಚ್ಚಿಸುತ್ತ ಹೋಗಿ. ಹಾಳೆಯನ್ನೂ ಅವಳಿಗೆ ಅನುಕೂಲವಾದ ಕಡೆಗೆ ವಾಲಿಸಿಕೊಳ್ಳಲು ಬಿಡಿ, ಕೈ ಸಾಲಿನ ಕೆಳಗಿದ್ದರೆ ಹಸಿಶಾಯಿ ಅಳಿಸುವುದಿಲ್ಲ. ಮುಂದೆ ಲೋಹದ ನಿಬ್ಬು ಕೊಳ್ಳುವಾಗ ಎಡಗೈಯವರಿಗೆಂದೇ ಓರೆಯಾಗಿ ಮಾಡಿದ ನಿಬ್ಬುಗಳನ್ನು ಕೇಳಿ ತರಿಸಿ. ಗರಿಯ ಸರದಿ ಬಂದಾಗ ಹೆಬ್ಬಾತು ಸಾಕಿದವರ ಬಳಿ ಬಲರೆಕ್ಕೆಯ ಎರಡು ಗರಿಗಳನ್ನು ಅವಳ ಹೆಸರಿನಲ್ಲಿ ಬೇರೆಯಾಗಿ ತೆಗೆದಿರಿಸಲು ಹೇಳಿ.